ಕಾದಿರಿಸಿದ ಜಾಗ

ಮಾವ ಅಳಿಯನನ್ನು ಆಫೀಸಿನಲ್ಲಿ ‘ನೀನು’ ಎನ್ನುತ್ತಿದ್ದರು, ಮನೆಯಲ್ಲಿ ‘ನೀವು’ ಎನ್ನುತ್ತಿದ್ದರು. ಎರಡರಲ್ಲಿ ಹೆಚ್ಚು ಚುಚ್ಚುತ್ತಿದ್ದದ್ದು ‘ನೀವು’. ಆಫೀಸಿನ ‘ನೀನು’ ಎಲ್ಲರ ಪಾಲಿಗೂ ಬರುತ್ತಿದ್ದ ಮಾತು. ಅಲ್ಲಿ ಅವರು ಹೊಸಬರು ಹಳಬರು ಎನ್ನದೆ ಎಲ್ಲರ ನೀರಿಳಿಸುತ್ತಿದ್ದರು. ಮನೆಯ ‘ನೀವು’ ಅಳಿಯನೊಬ್ಬನಿಗೇ ಮೀಸಲು. ಸಂಜೆ ಊಟದ ಮೇಜಿಗೆ ಬಂದು ತಟ್ಟೆ ಎಳೆದುಕೊಳ್ಳುತ್ತ, “ಅಳಿಯಂದಿರು ಇವತ್ತು ಮೆಷಿನ್ನನ್ನ ಎಷ್ಟು ಸಲ ಮಲಗಿಸಿದ್ರಿ?” ಎಂದು ಬಹಳ ಮರ್ಯಾದೆಯಿಂದ ವಿಚಾರಿಸುತ್ತಿದ್ದರು. ಮಗಳು ನಗುತ್ತಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅಪ್ಪನ ಮಾತು ಕೇಳಿಯೇ ಬೆಳೆದವಳು; ಅದರಲ್ಲಿ ಮುಳ್ಳಿದೆ ಎಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಅಳಿಯನೂ ನಗುತ್ತಿದ್ದ. ನಗದಿದ್ದರೆ “ಬೇಜಾರಾಯ್ತೇನೋ ಪಾಪ” ಎಂದು ಮಾವ ಇನ್ನೊಂದು ಸುತ್ತು ಶುರುಮಾಡುತ್ತಿದ್ದರು. ಮನೆ ಮಾವನದು, ಮೇಜು ಮಾವನದು, ಅಳಿಯ ಕೂರುತ್ತಿದ್ದ ಕುರ್ಚಿಯೂ ಮಾವ ಆರಿಸಿ ತಂದದ್ದು.

ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಒಂದೇ ಕಡೆ. ಡಬ್ಬಿಗಳಿಗೆ ಮುಚ್ಚಳ ಒತ್ತುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆ ಅದು. ಕೆಳಗೆ ಎಣ್ಣೆಯ ವಾಸನೆಯ ದೊಡ್ಡ ಶೆಡ್ಡು, ಮೇಲೆ ಗಾಜಿನ ಗೋಡೆಯ ಆಫೀಸು. ಯಂತ್ರದ ನಡುವೆ ಉಕ್ಕಿನ ತೋಳೊಂದಿತ್ತು. ಮೇಲಿನಿಂದ ಇಳಿದು ಮುಚ್ಚಳವನ್ನು ಒತ್ತಿ ಮತ್ತೆ ಏರುವುದೇ ಅದರ ಕೆಲಸ. ಎಷ್ಟು ಕೆಳಗಿನವರೆಗೆ ಇಳಿಯಬಹುದು ಎಂಬ ಮಿತಿಯನ್ನು ಅಂಕಿಯಾಗಿ ಬರೆದು ಯಂತ್ರದ ಕಂಪ್ಯೂಟರಿನೊಳಗೆ ಇಟ್ಟಿರುತ್ತಿದ್ದರು. ಆ ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಮು, ಎಂದರೆ ಕರ್ನಲ್ಲಿನ ಆರಂಭದ ಭಾಗ, ಪೂರ್ತಿ ಮಾವನ ಕೈಬರಹ. ಕಂಪನಿ ಇನ್ನೂ ಒಂದು ತಗಡಿನ ಸೂರಿನ ಕೆಳಗಿದ್ದಾಗ ಒಬ್ಬರೇ ಕೂತು ಬರೆದದ್ದು. ಆಮೇಲೆ ಬಂದವರು ಯಾರೂ ಅದನ್ನು ಮುಟ್ಟಿರಲಿಲ್ಲ. ಆಫೀಸಿನಲ್ಲಿ ಮಾವನಿಗೆ ‘ಹೆಡ್‌ಮೇಷ್ಟ್ರು’ ಎಂಬ ಹೆಸರು ಬಿದ್ದಿತ್ತು. ಇವನನ್ನು ಎಲ್ಲರೂ ‘ಅಳಿಯಂದ್ರು’ ಎನ್ನುತ್ತಿದ್ದರು, ಬೆನ್ನ ಹಿಂದೆಯೂ, ಎದುರಿಗೂ.

ಆ ವರ್ಷ ಹೊಸ ಮಾದರಿಯ ಯಂತ್ರವೊಂದು ಹೊರಬರಬೇಕಿತ್ತು. ಅದಕ್ಕೆ ಕ್ಯಾಮೆರಾಗಳನ್ನು ಕೂರಿಸಿದ್ದರು, ಮುಚ್ಚಳ ಓರೆಯಾದರೆ ಗೊತ್ತಾಗಲಿ ಎಂದು. ಪ್ರತಿ ಕ್ಯಾಮೆರಾಕ್ಕೂ ತನ್ನ ಚಿತ್ರಗಳನ್ನು ಇಟ್ಟುಕೊಳ್ಳಲು ಮೆಮೊರಿಯಲ್ಲಿ ಸ್ವಂತದ ಜಾಗ ಬೇಕು. ಆ ಜಾಗವನ್ನು ಯಂತ್ರ ಏಳುವಾಗಲೇ ಕಾದಿರಿಸಿಡಬೇಕು. ಆ ಕೆಲಸ ಅಳಿಯನ ಕೊರಳಿಗೆ ಬಿತ್ತು. ಹಾಗೆ ಅವನು ಮೊದಲ ಸಲ ಮಾವನ ಹಳೆಯ ಬರಹವನ್ನು ಸಾಲು ಸಾಲಾಗಿ ಓದಿದ.

ಯಂತ್ರಕ್ಕೆ ಕರೆಂಟು ಕೊಟ್ಟ ಕ್ಷಣದಲ್ಲಿ ಅದರ ಮೆಮೊರಿಯೆಲ್ಲ ಬೇಲಿಯಿಲ್ಲದ ಬಯಲು. ಮೊದಲು ಏಳುವ ಪುಟ್ಟ ಪ್ರೋಗ್ರಾಮೊಂದು ತೋಳಿನ ಮಿತಿಯ ಅಂಕಿಗಳನ್ನು ತಂದು ಆ ಬಯಲಿನ ಒಂದು ಮೂಲೆಯಲ್ಲಿಟ್ಟು ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಕರ್ನಲ್ ಏಳುತ್ತದೆ. ಅದು ಎದ್ದ ಕೂಡಲೆ ಮಾಡಬೇಕಾದದ್ದು ಒಂದೇ: ಇಲ್ಲಿ ನಾನು ಕೂತಿದ್ದೇನೆ, ಇಲ್ಲಿ ಮಿತಿಗಳಿವೆ, ಇಲ್ಲಿ ಕ್ಯಾಮೆರಾದ ಜಾಗವಿದೆ, ಇವನ್ನು ಯಾರಿಗೂ ಕೊಡುವ ಹಾಗಿಲ್ಲ ಎಂದು ಪಟ್ಟಿ ಮಾಡಿಕೊಳ್ಳುವುದು. ಎಲ್ಲವನ್ನೂ ಕಾದಿರಿಸಿದ ಮೇಲೆಯೇ ಉಳಿದದ್ದನ್ನು ಕೇಳಿದವರಿಗೆ ಹಂಚಬೇಕು. ಮಾವನ ಬರಹದಲ್ಲಿ ತಪ್ಪಿದ್ದದ್ದು ಆ ಪಟ್ಟಿಯಲ್ಲೇ. ಪಟ್ಟಿಗೆ ಮೊದಲೇ ಇಷ್ಟೇ ಎಂದು ಅಳೆದು ಕೊಟ್ಟ ಜಾಗವಿತ್ತು. ಅದು ತುಂಬಿದರೆ ಪಟ್ಟಿ ತಾನೇ ಒಂದು ದೊಡ್ಡ ಜಾಗ ಹುಡುಕಿಕೊಂಡು ಅಲ್ಲಿಗೆ ಹೋಗಿ ಕೂರುತ್ತಿತ್ತು. ಮಾವ ಮಿತಿಗಳ ಮೂಲೆಯನ್ನು ಕಾದಿರಿಸುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಅಷ್ಟರೊಳಗೆ ಪಟ್ಟಿ ತುಂಬಿಬಿಟ್ಟರೆ, ಖಾಲಿಯೆಂದು ಕಾಣುವ ಆ ಮೂಲೆಗೇ ಹೋಗಿ ಮಿತಿಗಳ ಮೇಲೆಯೇ ಕುಕ್ಕರಿಸುವ ಸಾಧ್ಯತೆ ಇತ್ತು. ಆಮೇಲೆ ಕಾದಿರಿಸಿ ಏನು ಬಂತು? ಅಲ್ಲಿದ್ದದ್ದು ಆಗಲೇ ಅಳಿಸಿಹೋಗಿರುತ್ತದೆ.

ಅಳಿಯ ಇದನ್ನು ವಾರದ ಸಭೆಯಲ್ಲಿ ಎಲ್ಲರೆದುರು ಹೇಳಿದ. ಮಾವನೊಬ್ಬರಿಗೇ ಹೇಳಬಹುದಿತ್ತು. ಆದರೆ ಮೂರು ವರ್ಷಗಳ ಊಟದ ಮೇಜಿನ ಮರ್ಯಾದೆಗೆಲ್ಲ ಸೇರಿಸಿ ಒಂದೇ ಸಲ ಉತ್ತರ ಸಿಕ್ಕಿತೆಂದು ಅವನ ಎದೆ ಉಬ್ಬಿತ್ತು. ಮಾವ ಕೊನೆಯವರೆಗೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡರು.

“ಇಷ್ಟು ವರ್ಷದಲ್ಲಿ ಆ ಪಟ್ಟಿ ಒಂದು ಸಲವಾದ್ರೂ ತುಂಬಿದೆಯಾ?”

“ಇಲ್ಲ. ಆದ್ರೆ ತುಂಬಿದ್ರೆ—”

“ಬರದೇ ಇರೋ ನೆಂಟರಿಗೆ ಹಾಸಿಗೆ ಹಾಸ್ಕೊಂಡು ಕೂತಿದ್ದೀಯ ನೀನು. ಮನೇಲೂ ಹೀಗೇನಾ? ನನ್ನ ಮಗಳಿಗೂ ರಾತ್ರಿಯೆಲ್ಲಾ ಪಟ್ಟಿ ಓದಿ ಹೇಳ್ತೀಯಾ?”

ಸಭೆ ಗೊಳ್ಳೆಂದಿತು. ಯಂತ್ರಗಳ ಪರೀಕ್ಷೆ ಮಾಡುವ ಎಂಜಿನಿಯರ್ ಹೆಂಗಸು ಮಾತ್ರ ನಗದೆ ತಲೆ ತಗ್ಗಿಸಿದಳು. ಅವಳ ಆ ಮರುಕ ಅಳಿಯನಿಗೆ ನಗುವಿಗಿಂತ ಹೆಚ್ಚು ಉರಿ ತಂದಿತು.

ಆದರೂ ಕೆಲಸಗಾರನ ಬುದ್ಧಿ ಬಿಡಲಿಲ್ಲ. ಅವನು ಕ್ಯಾಮೆರಾಗಳಿಗೆ ಬೇರೆ ಬೇರೆ ಜಾಗ ಕೇಳುವ ಬದಲು ಎಲ್ಲಕ್ಕೂ ಸೇರಿಸಿ ಒಂದೇ ದೊಡ್ಡ ಜಾಗ ಕಾದಿರಿಸಿ, ಅದನ್ನು ಒಳಗೊಳಗೇ ಹಂಚಿಕೊಟ್ಟ. ಪಟ್ಟಿಯಲ್ಲಿ ಒಂದೇ ಸಾಲು ಹೆಚ್ಚಾಯಿತು. ತುಂಬುವ ಭಯ ತಪ್ಪಿತು. ಯಂತ್ರ ವಾರಗಟ್ಟಲೆ ಚೆನ್ನಾಗಿ ಓಡಿತು. ಪರೀಕ್ಷೆಗಳೆಲ್ಲ ಮುಗಿದವು.

ಪ್ರದರ್ಶನದ ಹಿಂದಿನ ದಿನ ಮಾವ ಅವನ ಬರಹ ನೋಡಲು ಕೂತರು. ಕೊಳ್ಳುವವರು ದೂರದಿಂದ ಬರುವವರಿದ್ದರು, ಕಂಪನಿಯ ನಿರ್ದೇಶಕಿ ಬೆಳಗ್ಗೆಯಿಂದ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿದ್ದಳು. ಮಾವನ ಬೆರಳು ಪರದೆಯ ಮೇಲೆ ಒಂದು ಕಡೆ ನಿಂತಿತು. ಇದೇನಿದು, ಎಲ್ಲಾ ಕಣ್ಣುಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದೀಯ ಎಂದು ಕೇಳಿದರು. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದಾಗಿ ಕಾದಿರಿಸಬೇಕು, ಇದು ನಾನು ಮೊದಲ ದಿನವೇ ಹಾಕಿಕೊಟ್ಟ ನಿಯಮ, ಸೋಮಾರಿಗಳಿಗೆ ಮಾತ್ರ ಅದು ಭಾರ ಎಂದರು. ಅಳಿಯ, ಹಾಗೆ ಮಾಡಿದರೆ ಪಟ್ಟಿ ತುಂಬುತ್ತದೆ ಎಂದು ಬಾಯಿ ತೆರೆದ. ಮಾವ ಸುತ್ತ ಇದ್ದವರ ಕಡೆ ತಿರುಗಿದರು.

“ನೋಡ್ರಪ್ಪ, ನೆಂಟರು ಮತ್ತೆ ಬಂದ್ರು.”

ನಗು ಇಳಿದ ಮೇಲೆ ಮಾವ ಅವನ ಕಿವಿಯ ಹತ್ತಿರ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ, ತಣ್ಣಗೆ ಹೇಳಿದರು. “ಎಂಜಿನಿಯರನ್ನ ಮದುವೆ ಆಗ್ತೀನಿ ಅಂತ ನನ್ನ ಮಗಳು ಹೇಳಿದ್ಲು. ಮಕ್ಕಳು ಅಂದ್ಮೇಲೆ ತಪ್ಪು ಮಾಡ್ತಾರೆ. ನಾನು ಸುಮ್ನಿದ್ದೀನಲ್ಲ, ನೀನೂ ಹೇಳಿದ್ದು ಮಾಡ್ಕೊಂಡು ಸುಮ್ನಿರು.”

“ಆಯ್ತು. ನೀವು ಹೇಳಿದ ಹಾಗೇ ಮಾಡ್ತೀನಿ” ಎಂದ ಅಳಿಯ.

ಮಧ್ಯಾಹ್ನ ಕೂತು ಹೇಳಿದ ಹಾಗೆಯೇ ಮಾಡಿದ. ದೊಡ್ಡ ಜಾಗವನ್ನು ಒಡೆದು ಕ್ಯಾಮೆರಾಕ್ಕೊಂದರಂತೆ ಸಾಲು ಬರೆದ. ಕಿರುಬೆರಳಿನ ಕೆಲಸ. ಆಮೇಲೆ ಕಾಗದದ ಚೂರಿನ ಮೇಲೆ ಲೆಕ್ಕ ಹಾಕಿ ನೋಡಿದ: ಪಟ್ಟಿ ತುಂಬುತ್ತಿತ್ತು, ಎದ್ದು ಹೊರಡುತ್ತಿತ್ತು, ಹೋಗಿ ಕೂರುತ್ತಿದ್ದದ್ದು ನೇರವಾಗಿ ಮಿತಿಗಳ ಮೇಲೆ. ಆ ಚೂರನ್ನು ಉಂಡೆ ಮಾಡಿ ಬುಟ್ಟಿಗೆಸೆದ. ಅವನ ಮನಸ್ಸಿನಲ್ಲಿದ್ದದ್ದು ಮಾವನ ಮುಖಭಂಗ, ಅಷ್ಟೇ. ಮಿತಿಯ ಅಂಕಿಗಳು ಕೆಟ್ಟಿದ್ದರೆ ತೋಳಿನ ಪ್ರೋಗ್ರಾಮು ಒಪ್ಪಿಕೊಳ್ಳುವುದಿಲ್ಲ, ಕೆಂಪು ದೀಪ ಹತ್ತುತ್ತದೆ, ಕೊಳ್ಳುವವರ ಮುಂದೆ ಯಂತ್ರ ಮೊಂಡು ಹಿಡಿದ ಕತ್ತೆಯ ಹಾಗೆ ನಿಲ್ಲುತ್ತದೆ ಎಂದುಕೊಂಡಿದ್ದ. ಆಗ ಹೇಳಬೇಕಾದ ಮಾತನ್ನೂ ಸಿದ್ಧಮಾಡಿಟ್ಟುಕೊಂಡಿದ್ದ. ಮೆಲ್ಲಗೆ, ಮರುಕದಿಂದ ಹೇಳಬೇಕು: ‘ನಾನು ಅವತ್ತೇ ಹೇಳಿದ್ದೆ.’

ಪರೀಕ್ಷೆಯ ಹೆಂಗಸು ಬಂದು, ತಿದ್ದಿದ್ದೀರಲ್ಲ, ಮತ್ತೊಮ್ಮೆ ಎಲ್ಲ ಪರೀಕ್ಷೆ ಮಾಡಬೇಕಲ್ಲವೇ ಎಂದು ಕೇಳಿದಳು. ಹೆಡ್‌ಮೇಷ್ಟ್ರು ಬೇಡ ಎಂದಿದ್ದಾರೆ ಎಂದ ಅಳಿಯ. ಅದು ನಿಜವೇ. ನಾಲ್ಕು ಸಾಲಿಗೆ ಇನ್ನೊಂದು ದಿನ ಯಾಕೆ ಹಾಳುಮಾಡ್ತೀರಿ ಎಂದು ಮಾವ ಗದರಿಸಿದ್ದರು.

ಮರುದಿನ ಶೆಡ್ಡನ್ನು ಗುಡಿಸಿ ತೊಳೆದು ಕುರ್ಚಿಗಳನ್ನು ಹಾಕಿದ್ದರು. ಪ್ರದರ್ಶನದಲ್ಲಿ ಮಾವನದೇ ಒಂದು ಆಟವಿತ್ತು. ಪ್ರತಿ ಹೊಸ ಯಂತ್ರಕ್ಕೂ ಅದನ್ನೇ ಆಡುತ್ತಿದ್ದರು. ಎಲ್ಲಕ್ಕಿಂತ ಗಿಡ್ಡ ಡಬ್ಬಿಗೆ ಮಿತಿ ಹೊಂದಿಸಿ, ಡಬ್ಬಿಯನ್ನು ತೆಗೆದು, ಅದರ ಜಾಗದಲ್ಲಿ ತಮ್ಮ ಅಂಗೈಯನ್ನು ಚಪ್ಪಟೆಯಾಗಿ ಇಡುತ್ತಿದ್ದರು. ತೋಳು ದಡದಡನೆ ಇಳಿದು ಅವರ ಕೈಯ ಮೇಲೆ ಬೆರಳಿನಗಲ ಅಂತರದಲ್ಲಿ ಗಕ್ಕನೆ ನಿಲ್ಲುತ್ತಿತ್ತು. ಜನ ಉಸಿರು ಬಿಡುತ್ತಿದ್ದರು. ಮೊದಲು ಕೈ, ಆಮೇಲೆ ಡಬ್ಬಿ, ಇದು ಅವರ ಪದ್ಧತಿ. ಅಳಿಯನಿಗೆ ಇದು ಗೊತ್ತಿತ್ತು. ಆದರೆ ಕೆಂಪು ದೀಪ ಹತ್ತಿದ ಮೇಲೆ ಕೈ ಇಡುವ ಪ್ರಶ್ನೆಯೇ ಬರುವುದಿಲ್ಲವಲ್ಲ.

ಕರೆಂಟು ಕೊಟ್ಟರು. ಪರದೆಯ ಮೇಲೆ ಸಾಲುಗಳು ಓಡಿದವು. ಅಳಿಯ ಯಂತ್ರದ ಮಗ್ಗುಲಲ್ಲೇ ನಿಂತಿದ್ದ. ತುರ್ತಾಗಿ ನಿಲ್ಲಿಸುವ ಗುಂಡಿ ಅವನ ಕೈಗೆ ಎಟಕುವಷ್ಟು ಹತ್ತಿರವಿತ್ತು.

ಹಸಿರು ದೀಪ ಹತ್ತಿತು.

ಮೊದಲು ಅವನಿಗೆ ತನ್ನ ಲೆಕ್ಕ ತಪ್ಪಿತೇ ಎನ್ನಿಸಿತು. ಹಿಂದೆಯೇ ಹೊಳೆಯಿತು. ಮಿತಿಯ ಜಾಗದಲ್ಲಿ ಈಗ ಪಟ್ಟಿ ಕೂತಿದೆ. ಪಟ್ಟಿಯಲ್ಲಿರುವುದು ಮೆಮೊರಿಯ ವಿಳಾಸಗಳು, ಉದ್ದುದ್ದನೆಯ ದೊಡ್ಡ ಅಂಕಿಗಳು. ತೋಳಿಗೆ ಅವು ಕೆಟ್ಟ ಅಂಕಿಗಳಾಗಿ ಕಾಣುವುದಿಲ್ಲ, ಬಹಳ ದೊಡ್ಡ ಮಿತಿಯಾಗಿ ಕಾಣುತ್ತವೆ. ಎಷ್ಟು ಬೇಕಾದರೂ ಇಳಿ ಎಂದು ಅಪ್ಪಣೆ ಸಿಕ್ಕಂತೆ. ಅಂಕಿಗಳನ್ನು ತಾಳೆ ನೋಡುವ ಕ್ರಮವನ್ನು ಮಾವ ಬರೆದೇ ಇರಲಿಲ್ಲ. ತಾನು ಕಾದಿರಿಸಿದ ಜಾಗವನ್ನು ಯಾರು ಮುಟ್ಟಿಯಾರು ಎಂಬ ಗರ್ವ.

ಮಾವ ಮಾತು ಶುರುಮಾಡಿದ್ದರು. ಅವರ ಭಾಷಣ ಅಳಿಯನಿಗೆ ಬಾಯಿಪಾಠ. ತಗಡಿನ ಸೂರಿನ ಕಾಲ, ಮೊದಲ ಯಂತ್ರ, ಮೊದಲ ಡಬ್ಬಿ. ಸಮಯ ಬೇಕಾದಷ್ಟಿತ್ತು. ಒಂದೇ ಒಂದು ಮಾತು ಸಾಕಿತ್ತು. ಅವನು ಬಾಯಿ ತೆರೆಯಲಿದ್ದ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಆಗ ಮಾವ ಇವನ ಕಡೆ ಕೈ ತೋರಿಸಿದರು.

“ಇವನು ನನ್ನ ಅಳಿಯ. ಒಳ್ಳೆ ಹುಡುಗ. ಮೆಷಿನ್ ಅಂದ್ರೆ ಸ್ವಲ್ಪ ಹೆದರ್ಕೋತಾನೆ.”

ಕುರ್ಚಿಗಳಲ್ಲಿದ್ದವರು ಪ್ರೀತಿಯಿಂದ ನಕ್ಕರು. ನಿರ್ದೇಶಕಿಯೂ ನಕ್ಕಳು. ಅಳಿಯನೂ ಅಭ್ಯಾಸಬಲದಿಂದ ನಕ್ಕ. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಮಾವ ಷರಟಿನ ತೋಳು ಮಡಚಿ ಡಬ್ಬಿಯ ಜಾಗದಲ್ಲಿ ಬಲಗೈಯನ್ನು ಇಟ್ಟರು.

ತೋಳು ಇಳಿಯಿತು. ನಿಲ್ಲಲಿಲ್ಲ.

ಅವನು ಗುಂಡಿಯನ್ನು ಒತ್ತಿದ್ದು ಆಮೇಲೆ. ಎಷ್ಟು ಆಮೇಲೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಮಾವನ ಕೈಯನ್ನು ನೋಡುತ್ತಿದ್ದರು. ಅಳಿಯ ಚುರುಕಾಗಿದ್ದ, ಇಲ್ಲದಿದ್ದರೆ ಮೊಣಕೈವರೆಗೂ ಹೋಗುತ್ತಿತ್ತು ಎಂದು ಜನ ಆಡಿಕೊಂಡರು.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕತ್ತರಿಸಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಹೆಂಡತಿ ಗಂಡನ ಹೆಗಲಿಗೆ ಒರಗಿ, ನೀನು ಇದ್ದೆಯಲ್ಲ, ಅಷ್ಟಾದರೂ ಉಳಿಯಿತಲ್ಲ ಎಂದು ಬಿಕ್ಕಿದಳು. ಅವನು ಅವಳ ತಲೆ ಸವರಿದ. ಮುಖವನ್ನು ಮಾತ್ರ ಆಚೆ ತಿರುಗಿಸಿಕೊಂಡಿದ್ದ. ಅದನ್ನು ಅವಳು ಅಪ್ಪನ ಮೇಲಿನ ಪ್ರೀತಿ ಎಂದುಕೊಂಡಳು.

ವಿಚಾರಣೆಯಲ್ಲಿ ತಡಕಾಡುವಂಥದ್ದೇನೂ ಇರಲಿಲ್ಲ. ಅಳಿಯ ಮೊದಲೇ ಎಚ್ಚರಿಸಿದ್ದನ್ನು ಇಡೀ ಸಭೆಯೇ ಕೇಳಿತ್ತು. ಒಂದೊಂದಾಗಿ ಕಾದಿರಿಸು ಎಂದು ಮಾವ ಹಟ ಹಿಡಿದದ್ದನ್ನೂ, ಪರೀಕ್ಷೆ ಬೇಡ ಎಂದದ್ದನ್ನೂ ಸುತ್ತ ಇದ್ದವರು ಕೇಳಿದ್ದರು. ಅವತ್ತು ಗೊಳ್ಳೆಂದವರೇ ಈಗ ಒಬ್ಬರಾದ ಮೇಲೊಬ್ಬರು ಬಂದು ಅಳಿಯನ ಪರ ಸಾಕ್ಷಿ ನುಡಿದರು. ನಿರ್ದೇಶಕಿ, ಸರಿಪಡಿಸಲು ಎಷ್ಟು ಸಮಯ ಬೇಕು ಎಂದಳು. ಸಂಜೆಯೊಳಗೆ ಕೊಡುತ್ತೇನೆ ಎಂದ, ಕೊಟ್ಟ. ಮಿತಿಗಳ ಮೂಲೆಯನ್ನು ಎಲ್ಲಕ್ಕಿಂತ ಮೊದಲು ಕಾದಿರಿಸುವುದು, ಎಲ್ಲವೂ ಪಟ್ಟಿಗೆ ಸೇರುವವರೆಗೆ ಪಟ್ಟಿಗೆ ಬೆಳೆಯಲು ಬಿಡದಿರುವುದು, ಮಿತಿಯ ಅಂಕಿಗಳನ್ನು ಬಳಸುವ ಮುನ್ನ ತಾಳೆ ನೋಡುವುದು. ಬಹಳ ಅಚ್ಚುಕಟ್ಟಾದ ಕೆಲಸ ಎಂದು ಎಲ್ಲರೂ ಹೊಗಳಿದರು. ಮಾವನಿಗೆ ‘ಸಲಹೆಗಾರರು’ ಎಂಬ ಪಟ್ಟ ಕೊಟ್ಟು ಬದಿಗೆ ಕೂರಿಸಿದರು. ಅವರ ಕುರ್ಚಿ ಅಳಿಯನಿಗೆ ಬಂತು.

ಮಾವ ಆಸ್ಪತ್ರೆಯಿಂದ ಬಂದು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಒಂದು ಬೆಳಗ್ಗೆ ಮಗಳು ಅವರಿಗೆ ಗಡ್ಡ ಹೆರೆಯಲೆಂದು ಬ್ಲೇಡು, ಬಿಸಿನೀರು, ಬ್ರಷ್ಷು ತಂದಿಟ್ಟುಕೊಂಡಳು. ಮಾವ ಎಡಗೈಯಿಂದ ಅವಳನ್ನು ತಡೆದರು. “ನೀನು ಬಿಡಮ್ಮ. ಅಳಿಯಂದಿರು ಬರ್ಲಿ.”

ಅಳಿಯ ಬಂದು ನೊರೆ ಹಚ್ಚಿದ. ಮಾವ ಕತ್ತು ಹಿಂದಕ್ಕೆ ಚೆಲ್ಲಿ ಗಂಟಲನ್ನು ಒಡ್ಡಿ ಕೂತರು, ಕಣ್ಣು ಮುಚ್ಚಲಿಲ್ಲ. ಮಗಳು ಅಡುಗೆಮನೆಗೆ ಹೋದಳು.

“ಸಂಜೆಯೊಳಗೇ ಸರಿ ಮಾಡಿದ್ರಂತೆ.”

“ಹೂಂ.”

“ಕೂತು ಹುಡುಕೋಕೇ ನನಗೆ ಒಂದು ವಾರ ಬೇಕಾಗ್ತಿತ್ತು. ನಿಮಗೆ ಮೊದಲೇ ಎಲ್ಲಾ ಕಂಡಿತ್ತು, ಅಲ್ವಾ? ಎಲ್ಲಿ ಹೋಗಿ ಕೂರುತ್ತೆ ಅನ್ನೋದೂ.”

ಅಳಿಯನ ಕೈ ನಿಂತಿತು.

“ನಿಲ್ಲಿಸ್ಬೇಡಿ” ಎಂದರು ಮಾವ. “ನೊರೆ ಒಣಗುತ್ತೆ.”

ಅದಾದ ಮೇಲೆ ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅವರು ಶುರುಮಾಡಿದ್ದು ಹೊಗಳಿಕೆ. ಬಂದವರ ಮುಂದೆಲ್ಲ, ಮಗನಿದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದರು. ಗಡ್ಡ ಹೆರೆಯಲು ಅಳಿಯನೇ ಬೇಕು, ಷರಟು ತೊಡಿಸಲು ಅಳಿಯನೇ ಬೇಕು, ಮಾಂಸದ ತುಂಡು ಕತ್ತರಿಸಿಕೊಡಲು ಅಳಿಯನೇ ಬೇಕು. ಮೊಂಡುಗೈಗೆ ಮುಲಾಮು ಹಚ್ಚುವಾಗ ಅದನ್ನು ಅವನ ಮಡಿಲಿನಲ್ಲಿಟ್ಟು, ಇಲ್ಲಿ ಇನ್ನೂ ಬೆರಳುಗಳಿರುವ ಹಾಗೆ ನೋಯುತ್ತದೆ, ವಿಚಿತ್ರ ನೋಡಿ ಎಂದು ನಗುತ್ತಲೇ ಹೇಳುತ್ತಿದ್ದರು. ‘ನೀವು’ ಎಂಬ ಮಾತಿನಲ್ಲಿ ಈಗ ಮುಳ್ಳೇ ಇರಲಿಲ್ಲ. ಅದೇ ಅಳಿಯನಿಂದ ತಡೆಯಲಾಗುತ್ತಿರಲಿಲ್ಲ. ಹೆಂಡತಿಗೆ ಮಾತ್ರ ಸ್ವರ್ಗ ಸಿಕ್ಕಿದಷ್ಟು ಸಂತೋಷ. ಮದುವೆಯಾದ ಮೇಲೆ ಮೊದಲ ಸಲ ಅವಳ ಇಬ್ಬರು ಗಂಡಸರೂ ಒಂದಾಗಿದ್ದರು. ಅವಳು ಗಂಡನನ್ನು ಹಿಂದೆಂದೂ ಪ್ರೀತಿಸದಷ್ಟು ಪ್ರೀತಿಸಿದಳು. ಅವನು ಸೊರಗುತ್ತ ಹೋದ. ಕುರ್ಚಿಯ ಭಾರ ಎಂದು ಅವಳು ಹಾಲು ಕಾಯಿಸಿ ಕೊಟ್ಟಳು.

ಹೇಳಿಬಿಡೋಣ ಎಂದು ಅವನು ಎಷ್ಟೋ ಸಲ ಮನಸ್ಸು ಗಟ್ಟಿ ಮಾಡಿಕೊಂಡ. ಏನೆಂದು ಹೇಳುವುದು? ಅವರು ಹೇಳಿದ ಹಾಗೇ ಮಾಡಿದೆ ಎಂದೇ? ಅದರಲ್ಲಿ ತಪ್ಪೇನು ಎಂದು ಅವಳೇ ಕೇಳುತ್ತಾಳೆ. ಜೇಬಿನಲ್ಲಿದ್ದ ಕೈಗಳ ವಿಷಯ ಅವಳಿಗೆ ಹೇಗೆ ವಿವರಿಸುವುದು?

ಇದ್ದ ಯಂತ್ರವನ್ನೇ ತಿದ್ದಿ ಮತ್ತೊಂದು ಪ್ರದರ್ಶನ ಇಟ್ಟರು. ಹಿಂದಿನ ಸಲ ಎದ್ದು ಹೋಗಿದ್ದ ಕೊಳ್ಳುವವರು ಮತ್ತೆ ಬರಲು ಒಪ್ಪಿದ್ದೇ ದೊಡ್ಡದು. ಅವರ ನಂಬಿಕೆ ಮರಳಬೇಕಾದರೆ ಕೈ ಇಟ್ಟೇ ತೋರಿಸಬೇಕು, ಹೊಸ ಮುಖ್ಯಸ್ಥನೇ ಇಡಬೇಕು ಎಂದು ನಿರ್ದೇಶಕಿಯ ಕಿವಿ ಕಚ್ಚಿದವರು ಮಾವ. ಪರೀಕ್ಷೆಯ ಹೆಂಗಸು ಕೈ ಯಾಕೆ, ಮರದ ತುಂಡು ಸಾಲದೇ ಎಂದಳು. ಮರದ ತುಂಡನ್ನು ಯಾರು ಬೇಕಾದರೂ ಇಡುತ್ತಾರೆ ಎಂದರು ಮಾವ. ಅಳಿಯ ಒಪ್ಪಿಕೊಂಡ. ಒಪ್ಪದೆ ವಿಧಿಯಿರಲಿಲ್ಲ, ಜೊತೆಗೆ ತನ್ನ ಕೆಲಸದ ಮೇಲೆ ಅವನಿಗೆ ಭರವಸೆಯೂ ಇತ್ತು. ಎಲ್ಲ ಪರೀಕ್ಷೆಗಳನ್ನೂ ಎದುರಿಗೆ ನಿಂತು ಮಾಡಿಸಿದ್ದ.

ಗಂಡನ ಧೈರ್ಯವನ್ನು ನೋಡಲಿ ಎಂದು ಮಾವ ಮಗಳನ್ನೂ ಕರೆತಂದಿದ್ದರು. ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಳಿಯ ಯಂತ್ರದ ಕಡೆ ಹೆಜ್ಜೆ ಹಾಕುವಾಗ ಮಾವ ಎದ್ದು ಬಂದು ಅವನ ಕಾಲರನ್ನು ಎಡಗೈಯಿಂದ ಸರಿಪಡಿಸಿದರು.

“ನಿನ್ನೆ ನೀವು ಊಟಕ್ಕೆ ಹೋದಾಗ ನಿಮ್ಮ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ನನ್ನ ಹಳೇ ಬರಹ ಅಲ್ವಾ, ನೋಡ್ಬೇಕು ಅನ್ನಿಸ್ತು. ಎಡಗೈಯಲ್ಲಿ ಟೈಪ್ ಮಾಡೋದು ಬಹಳ ನಿಧಾನ” ಎಂದು ಮೆಲ್ಲಗೆ ಹೇಳಿ, ಬೆನ್ನು ತಟ್ಟಿ, ಹೋಗಿ ಮಗಳ ಪಕ್ಕದಲ್ಲಿ ಕೂತರು.

ಕರೆಂಟು ಕೊಟ್ಟರು. ಹಸಿರು ದೀಪ ಹತ್ತಿತು. ಅಳಿಯ ಕೈ ಇಟ್ಟ. ಎದುರಿಗೆ ಮಾವ ಬಲದ ಮೊಂಡುಗೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಪ್ರೀತಿಯಿಂದ ನೋಡುತ್ತಿದ್ದರು. ಮೇಲೆ ತೋಳು ಕದಲಿತು.

“ಬೇಡ” ಎಂದು ಅಳಿಯ ಕಿರುಚಿದ. “ನಿಲ್ಲಿಸಿ, ಅವರು ತಿದ್ದಿದ್ದಾರೆ, ಇದು ನಿಲ್ಲಲ್ಲ.” ಕೈ ಎಳೆದುಕೊಂಡು ಹಿಂದಕ್ಕೆ ಹಾರಿ, ಕುರ್ಚಿಗೆ ಎಡವಿ ನೆಲಕ್ಕೆ ಬಿದ್ದ. ತೋಳು ದಡದಡನೆ ಇಳಿದು ಅವನ ಕೈಯಿದ್ದ ಖಾಲಿ ಜಾಗದ ಮೇಲೆ, ಎಲ್ಲಿ ನಿಲ್ಲಬೇಕೋ ಅಲ್ಲೇ, ಗಕ್ಕನೆ ನಿಂತಿತು. ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ.

ಪರೀಕ್ಷೆಯ ಹೆಂಗಸು ಪರದೆಯ ಮೇಲೆ ನೋಡಿ, ಒಂದು ಅಕ್ಷರವೂ ಬದಲಾಗಿಲ್ಲ ಎಂದು ನಿರ್ದೇಶಕಿಗೆ ಹೇಳಿದಳು. ಕೊಳ್ಳುವವರಲ್ಲಿ ಹಿರಿಯ ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಯಂತ್ರ ಸರಿಯಾಗಿರಬಹುದು, ಆದರೆ ಅದನ್ನು ಮಾಡಿದವನಿಗೇ ಅದರ ಮೇಲೆ ನಂಬಿಕೆಯಿಲ್ಲವಲ್ಲ ಎಂದು ಹೇಳಿ ಹೊರಟುಹೋದ. ಅಳಿಯನನ್ನು ನೆಲದಿಂದ ಎಬ್ಬಿಸಲು ಯಾರೂ ಬರಲಿಲ್ಲ. ಅವತ್ತೇ ಸಂಜೆ ನಿರ್ದೇಶಕಿ ಅವನಿಗೆ ನಾಳೆಯಿಂದ ಬರುವುದು ಬೇಡ ಎಂದಳು.

ಮನೆಗೆ ಕಾರು ಓಡಿಸಿದವಳು ಹೆಂಡತಿ. ಮಾವ ಮುಂದೆ, ಅಳಿಯ ಹಿಂದೆ. ಅರ್ಧ ದಾರಿಯಲ್ಲಿ ಅವಳು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ತಿರುಗದೆ, ಕನ್ನಡಿಯಲ್ಲಿ ಗಂಡನನ್ನು ನೋಡಿದಳು.

“ಅಪ್ಪ ನಿನ್ನ ಕೈ ಮುರಿಸೋಕೆ ಯಾಕೆ ಹೋಗ್ತಾರೆ? ಮಗ ಅಂತ ಬಾಯ್ತುಂಬ ಕರೀತಾರೆ. ನಿಂಗೆ ಹಾಗನ್ನಿಸಿದ್ದಾದ್ರೂ ಹೇಗೆ?”

ಅವನು ತನ್ನ ಕೈಗಳನ್ನು ನೋಡಿಕೊಂಡ.

“ಅವತ್ತು ನಿಂಗೆ ಗೊತ್ತಿತ್ತಾ?”

“ದೀಪ ಹತ್ತಿದ ಮೇಲೆ ಗೊತ್ತಾಯ್ತು” ಎಂದ. ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದೂ ತಾನಾಗಿಯೇ ಬಂತು. ಒಡೆದು ಬರೆದ ಸಾಲುಗಳು, ಕಾಗದದ ಚೂರು, ಭಾಷಣ, ಜೇಬು. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅಪ್ಪನ ಕಡೆ ತಿರುಗಿದಳು. ಅಪ್ಪ ಈ ಮಾತು ಕೇಳಿ ಕುಸಿದುಹೋಗಿರುತ್ತಾರೆ ಎಂದು ಅವರ ಭುಜದ ಮೇಲೆ ಕೈ ಇಡಲು ಹೋದಳು. ಮಾವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

“ನಂಗೆ ಆಸ್ಪತ್ರೆಯಲ್ಲೇ ಗೊತ್ತಾಯ್ತಮ್ಮ. ಇವನು ಎಷ್ಟು ದಿನ ತಡ್ಕೋತಾನೆ ಅಂತ ನೋಡೋಣ ಅನ್ನಿಸ್ತು.”

“ನಾನು ಇವನಿಗೆ ಹಾಲು ಕಾಯಿಸಿ ಕೊಡ್ತಿದ್ದೆ” ಎಂದಳು ಮಗಳು. “ನೀವು ನೋಡ್ತಾ ಕೂತಿದ್ರಿ.”

ಮಾವ ಮತ್ತೆ ಕಿಟಕಿಯ ಕಡೆ ತಿರುಗಿದರು. ಅವರಿಗೆ ಆ ಮಾತು ಅರ್ಥವಾಯಿತೋ ಇಲ್ಲವೋ.

ಅವಳು ಇಬ್ಬರನ್ನೂ ಮನೆಯ ಬಾಗಿಲಿನವರೆಗೆ ತಂದು ಬಿಟ್ಟಳು. ಅಳು, ಕೂಗಾಟ ಏನೂ ಇರಲಿಲ್ಲ. ಒಂದು ಪೆಟ್ಟಿಗೆಗೆ ಬಟ್ಟೆ ತುಂಬಿಕೊಂಡು, ಅಪ್ಪನ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಯಾವುದು ಯಾವಾಗ ಎಂದು ಗಂಡನಿಗೆ ಹೇಳಿದಳು. “ಇದನ್ನ ಊಟಕ್ಕೆ ಮುಂಚೆ ಕೊಡಿ” ಎಂದಳು. ಮದುವೆಯಾದಾಗಿನಿಂದ ಅವನನ್ನು ‘ನೀನು’ ಎಂದೇ ಕರೆಯುತ್ತಿದ್ದವಳು. ‘ಕೊಡಿ’ ಎಂದಾಗ, ಇನ್ನು ಬೇಡಿಕೊಂಡು ಫಲವಿಲ್ಲ ಎಂದು ಅವನಿಗೆ ತಿಳಿಯಿತು. ಬೇರೆ ಊರಿನಲ್ಲಿ ಅವಳಿಗೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ವಿಳಾಸ ಕೊಡಲಿಲ್ಲ.

ಅಳಿಯನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಪ್ರದರ್ಶನದ ಸುದ್ದಿ ಆ ಕೆಲಸದವರಲ್ಲೆಲ್ಲ ಹಬ್ಬಿ, ಕರೆದು ಕೆಲಸ ಕೊಡುವವರೂ ಇರಲಿಲ್ಲ. ಮಾವನಿಗೆ ಬೇರೆ ಕೈಯಿರಲಿಲ್ಲ. ಹಾಗಾಗಿ ಇಬ್ಬರೂ ಅಲ್ಲೇ ಉಳಿದರು. ಒಬ್ಬರನ್ನೊಬ್ಬರು ಈಗ ಏನೆಂದೂ ಕರೆಯುತ್ತಿರಲಿಲ್ಲ; ಮನೆಯಲ್ಲಿ ಇದ್ದವರು ಇಬ್ಬರೇ, ಕರೆಯುವ ಅಗತ್ಯವಿರಲಿಲ್ಲ.

ವಾರಕ್ಕೊಮ್ಮೆ ಬೆಳಗ್ಗೆ ಅವಳು ಫೋನು ಮಾಡುತ್ತಿದ್ದಳು. ಅಪ್ಪನೊಂದಿಗೆ ಮಾತಾಡುತ್ತಿರಲಿಲ್ಲ, ಅವರ ವಿಷಯವನ್ನೆಲ್ಲ ಇವನಿಂದ ಕೇಳಿ ತಿಳಿದುಕೊಳ್ಳುತ್ತಿದ್ದಳು. ನಿದ್ದೆ ಬರುತ್ತದೆಯೇ, ನೋವು ಇಳಿದಿದೆಯೇ, ಕೆಮ್ಮು ಹೇಗಿದೆ. ಇಲ್ಲದ ಬೆರಳುಗಳು ಈಗಲೂ ನೋಯುತ್ತವೆಯೇ ಎಂದೊಮ್ಮೆ ಕೇಳಿ, ಉತ್ತರ ಬರುವ ಮುಂಚೆಯೇ ಫೋನಿಟ್ಟುಬಿಟ್ಟಳು. ಅಳಿಯ ಫೋನನ್ನು ಜೇಬಿಗೆ ಹಾಕಿಕೊಂಡು ಬಂದು, ಅರ್ಧಕ್ಕೆ ಬಿಟ್ಟಿದ್ದ ಮಾವನ ಷರಟಿನ ಗುಂಡಿಗಳನ್ನು ಕೆಳಗಿನಿಂದ ಹಾಕತೊಡಗಿದ.

“ಅವಳೇನಾ?” ಎಂದರು ಮಾವ.

“ಹೂಂ.”

“ಏನಾದ್ರೂ ಕೇಳಿದ್ಲಾ?”

ಅವರು ಗೋಡೆಯ ಕಡೆ ನೋಡುತ್ತಿದ್ದರು. ಗದ್ದ ಸಣ್ಣಗೆ ಅದುರುತ್ತಿತ್ತು. ಅಳಿಯ ಅದನ್ನು ಸಾಕಷ್ಟು ಹೊತ್ತು ನೋಡಿದ.

“ನಿಮ್ಮ ಬಗ್ಗೆ ಏನೂ ಕೇಳ್ಲಿಲ್ಲ” ಎಂದ.

ಮಾವ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಮೇಲಿನ ಗುಂಡಿ ಬಾಕಿಯಿದೆ ಎಂದರು.